ತೇಜೋವಧೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಭೆಯ ವರದಿ, ಠಾಣೆಗೆ ಕೊಡುವ ಅರ್ಜಿ, ಅತ್ತೆ-ಸೊಸೆಯ ಜಗಳ, ಚುನಾವಣೆಯ ಭಾಷಣ, ಎಲ್ಲದರಲ್ಲೂ ಓಡಾಡುವ ಶಬ್ದ ಇದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು, ಮಾಸ್ತರರು, ವರದಿಗಾರರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಆದಷ್ಟು ಪ್ರಶ್ನೆಗಳನ್ನು ಕೇಳುವವರ ಮಾತಿನಲ್ಲೇ ಇಟ್ಟಿದ್ದೇವೆ.

ತೇಜೋವಧೆ ಅಂದ್ರ ಏನ್ರಿ? ಬೈಯೂದಕ್ಕ ಇಟ್ಟ ದೊಡ್ಡ ಹೆಸರೇನು?

ಅಲ್ಲ. ಒಬ್ಬ ಮನುಷ್ಯ ಯಾವ ಧೈರ್ಯದ ಮೇಲೆ ನಿಂತು ತನ್ನ ಕೆಲಸ ಮಾಡುತ್ತಾನೋ ಆ ಧೈರ್ಯವನ್ನು ಬೇಕೆಂದೇ, ಮಾತಿನಿಂದ, ನಂದಿಸುವುದು ತೇಜೋವಧೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟರೆ ಅದು ಬೈಗುಳ. ಬೈಗುಳ ಬೈದವರ ಸಿಟ್ಟು ಇಳಿಸಿ ಮುಗಿಯುತ್ತದೆ. ತೇಜೋವಧೆಗೆ ಗುರಿ ಇರುತ್ತದೆ: ಎದುರಿನವರು ನಾಳೆ ಎದ್ದು ಮಾಡಬೇಕಾದ ಕೆಲಸವನ್ನು ಮಾಡಲಾಗದಂತೆ ಆಗಬೇಕು.

ತೇಜಸ್ಸು ಎಂದರೆ ಬೆಳಕಲ್ಲವೇ? ಬೆಳಕನ್ನು ವಧೆ ಮಾಡುವುದು ಹೇಗೆ?

ಬೆಳಕು ಆ ಶಬ್ದಕ್ಕೆ ಆಮೇಲೆ ಬಂದ ಅರ್ಥ. ಮೊದಲಿನದು ಹರಿತ. ಸಂಸ್ಕೃತದ ‘ತಿಜ್’ ಧಾತುವಿಗೆ ಮಸೆ, ಹರಿತ ಮಾಡು ಎಂದರ್ಥ. ಅದರಿಂದ ಬಂದ ತೇಜಸ್ಸು ಎಂದರೆ ಕತ್ತಿಯ ಅಲಗು, ಉರಿಯ ಚೂಪಾದ ತುದಿ. ಉರಿಯ ತುದಿಯಿಂದ ಹೊಳಪು, ಹೊಳಪಿನಿಂದ ಮುಖದ ಕಳೆ, ಅದರಿಂದ ಒಳಗಿನ ಶಕ್ತಿ, ಪರಾಕ್ರಮ ಹೀಗೆ ಅರ್ಥ ಹಬ್ಬುತ್ತ ಬಂದಿದೆ. ತೀಕ್ಷ್ಣ ಎಂಬ ಶಬ್ದವೂ ಇದೇ ಧಾತುವಿನ ಕೂಸು. ಇನ್ನೊಂದು ಕೂಸು ನಿಮಗೆ ಅಚ್ಚರಿ ತಂದೀತು: ತಿತಿಕ್ಷೆ, ಅಂದರೆ ಸಹನೆ. ಹರಿತವಾದದ್ದನ್ನು ತಾಳಿಕೊಳ್ಳುವ ಗುಣಕ್ಕೂ ಹರಿತಕ್ಕೂ ಬೇರು ಒಂದೇ.

ಹಾವೇರಿ ಜಿಲ್ಲೆಯ ಮಕ್ಕಳಿಗೆ ಇದನ್ನು ಹೇಳಬೇಕಾದರೆ ಒಂದು ಬ್ಯಾಡಗಿ ಮೆಣಸಿನಕಾಯಿ ಕೈಯಲ್ಲಿ ಕೊಡಿ. ಬ್ಯಾಡಗಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಒಣಗಿದ ಕಾಯಿಯನ್ನು ಬೆಳಕು, ಸೆಕೆ ತಾಗುವ ಕಡೆ ವರ್ಷಗಟ್ಟಲೆ ಇಟ್ಟರೆ ತೊಟ್ಟು ಹಾಗೇ ಇರುತ್ತದೆ, ಮೈಮೇಲಿನ ನಿರಿಗೆ ಹಾಗೇ ಇರುತ್ತದೆ, ಒಳಗೆ ಬೀಜವೂ ಇರುತ್ತದೆ. ಬಣ್ಣ ಮಾತ್ರ ಬಿಳಿಚಿಕೊಂಡು ಕಾಯಿ ಪೇಟೆಯಲ್ಲಿ ಬೆಲೆ ಕಳೆದುಕೊಳ್ಳುತ್ತದೆ. ಬ್ಯಾಡಗಿ ಊರಿನ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜುಗಳು ಎದ್ದು ನಿಂತಿರುವುದಕ್ಕೆ ಆ ಬಣ್ಣ ಉಳಿಸುವ ಗರಜು ಒಂದು ಮುಖ್ಯ ಕಾರಣ. ತೇಜೋವಧೆ ಆದ ಮನುಷ್ಯನೂ ಹಾಗೆ. ಅವನ ಓದು, ಕಸುಬು, ಕೈಚಳಕ ಎಲ್ಲಾ ಇದ್ದಲ್ಲೇ ಇರುತ್ತವೆ. ಅವನ್ನು ನಾಲ್ಕು ಜನರ ಮುಂದೆ ತೆಗೆದು ಇಡುವ ಶಕ್ತಿ ಹೋಗಿರುತ್ತದೆ.

ಈ ಶಬ್ದ ಎಲ್ಲಿಂದ ಬಂತು?

ಮಹಾಭಾರತದ ಉದ್ಯೋಗಪರ್ವದಿಂದ. ಮದ್ರ ದೇಶದ ರಾಜ ಶಲ್ಯ ಮಾದ್ರಿಯ ಅಣ್ಣ, ನಕುಲ-ಸಹದೇವರ ಸೋದರಮಾವ. ಯುದ್ಧ ನಿಶ್ಚಯವಾದಾಗ ಪಾಂಡವರ ಪಕ್ಷಕ್ಕೆಂದೇ ಸೇನೆ ಕಟ್ಟಿಕೊಂಡು ಹೊರಟಿದ್ದ. ದಾರಿಯುದ್ದಕ್ಕೂ ಅವನಿಗೆ ಅಚ್ಚುಕಟ್ಟಾದ ಬಿಡದಿ, ಊಟ, ಉಪಚಾರ ಸಿಕ್ಕಿತು. ಇದನ್ನೆಲ್ಲ ಧರ್ಮರಾಯನೇ ಮಾಡಿಸಿದ್ದಾನೆಂದು ತಿಳಿದು, ಮಾಡಿಸಿದವರಿಗೆ ವರ ಕೊಡುತ್ತೇನೆ ಅಂದ. ಮರೆಯಲ್ಲಿದ್ದ ದುರ್ಯೋಧನ ಎದುರು ಬಂದು, ನನ್ನ ಸೇನೆಯನ್ನು ನಡೆಸಿಕೊಡು ಎಂದು ಕೇಳಿದ. ಕೊಟ್ಟ ಮಾತಿಗೆ ಶಲ್ಯ ಸಿಕ್ಕಿಬಿದ್ದ.

ಆಮೇಲೆ ಅವನು ಉಪಪ್ಲವ್ಯಕ್ಕೆ ಬಂದು ಪಾಂಡವರಿಗೆ ಆದದ್ದನ್ನು ಹೇಳಿದಾಗ ಧರ್ಮರಾಯ ಒಂದು ಬೇಡಿಕೆ ಇಟ್ಟ. ಕರ್ಣ-ಅರ್ಜುನರು ಎದುರಾದ ದಿನ ಕರ್ಣನ ಸಾರಥ್ಯ ನಿನಗೇ ಬರುತ್ತದೆ. ಆಗ ಅರ್ಜುನನನ್ನು ಕಾಯಬೇಕು, ಮತ್ತು ‘ತೇಜೋವಧಶ್ಚ ತೇ ಕಾರ್ಯಃ’, ಆ ಸೂತಪುತ್ರನ ತೇಜೋವಧೆಯನ್ನೂ ನೀನು ಮಾಡಬೇಕು. ಅದರ ಬೆನ್ನಿಗೇ ಬರುವ ಸಾಲನ್ನು ಬಹಳ ಜನ ಗಮನಿಸುವುದಿಲ್ಲ: ‘ಅಕರ್ತವ್ಯಮಪಿ ಹ್ಯೇತತ್ ಕರ್ತುಮರ್ಹಸಿ ಮಾತುಲ’. ಮಾಮಾ, ಇದು ಮಾಡಬಾರದ ಕೆಲಸವೇ, ಆದರೂ ನೀನು ಮಾಡಬೇಕು.

ಶಬ್ದದ ಪೂರ್ತಿ ಅರ್ಥ ಈ ಎರಡು ಸಾಲಿನಲ್ಲಿದೆ. ಮೊದಲೇ ಕೂತು ಮಾಡಿದ ಯೋಜನೆ. ಮಾಡುವವನು ಎದುರಾಳಿಯ ಸಾಲಿನವನಲ್ಲ, ಒಂದೇ ರಥದ ಮೇಲೆ ಇರುವವನು. ಪೆಟ್ಟು ಮೈಗಲ್ಲ, ತೇಜಸ್ಸಿಗೆ. ಮಾಡಿಸುವವನಿಗೆ ಇದು ತಪ್ಪೆಂದು ಗೊತ್ತು. ಧರ್ಮರಾಯನ ಬಾಯಿಯಿಂದಲೇ ‘ಅಕರ್ತವ್ಯ’ ಎನ್ನಿಸಿಕೊಂಡ ಕೆಲಸ ಇದು. ಹೀಗಾಗಿ ‘ಸ್ವಲ್ಪ ತೇಜೋವಧೆ ಮಾಡಿ ಬುದ್ಧಿ ಕಲಿಸಿದೆ’ ಎಂದು ಹೆಮ್ಮೆಯಿಂದ ಹೇಳುವವರು ಆ ಶಬ್ದವನ್ನು ತಪ್ಪಾಗಿ ಬಳಸುತ್ತಿದ್ದಾರೆ.

ಶಲ್ಯ ಕರ್ಣಗ ಅಂದದ್ದಾದರೂ ಏನು?

ಯುದ್ಧದ 16ನೆಯ ದಿನ ಕರ್ಣ ಸೇನಾಪತಿಯಾದ. 17ನೆಯ ದಿನ ಶಲ್ಯ ಅವನ ಸಾರಥಿಯಾದ. ಒಬ್ಬ ಅರಸ ಸೂತಪುತ್ರನಿಗೆ ರಥ ಹೊಡೆಯುವುದೇ ಎಂದು ಮೊದಲು ಸಿಡಿದೆದ್ದು, ಕೊನೆಗೆ ಒಪ್ಪುವಾಗ ಒಂದು ಷರತ್ತು ಹಾಕಿದ: ನನಗೆ ತೋಚಿದ್ದನ್ನು ನಾನು ಆಡುತ್ತೇನೆ, ಯಾರೂ ತಡೆಯಬಾರದು. ಕರ್ಣನೂ ದುರ್ಯೋಧನನೂ ಒಪ್ಪಿದರು. ಆ ಒಪ್ಪಿಗೆಯೇ ಮುಂದೆ ಕರ್ಣನಿಗೆ ಏಟಾಯಿತು.

ಅವನು ಹೇಳಿದ ಕಾಗೆ-ಹಂಸದ ಕಥೆಯನ್ನು ಹತ್ತಿರದಿಂದ ನೋಡಬೇಕು. ಸಮುದ್ರದ ದಂಡೆಯ ಊರಿನಲ್ಲಿ ಒಬ್ಬ ಸಿರಿವಂತ ವೈಶ್ಯ. ಅವನ ಮಕ್ಕಳು ತಿಂದುಬಿಟ್ಟ ಎಂಜಲು ಉಂಡು ಒಂದು ಕಾಗೆ ಕೊಬ್ಬಿತ್ತು. ಹಂಸಗಳು ಬಂದಿಳಿದಾಗ ಅದು, ನನಗೆ ನೂರಾ ಒಂದು ಬಗೆಯ ಹಾರಾಟ ಬರುತ್ತದೆ ಎಂದು ಜಂಬ ಕೊಚ್ಚಿತು. ಹಂಸ, ನನಗೆ ಬರುವುದು ಒಂದೇ ಬಗೆ ಎಂದು ಹೇಳಿ ಸಮುದ್ರದ ಮೇಲೆ ಹಾರಿತು. ಕಾಗೆ ಮೊದಮೊದಲು ಲಾಗ ಹಾಕಿತು. ಆಮೇಲೆ ಕೆಳಗೆ ಕೂಡಲು ಗಿಡ ಇಲ್ಲ, ನಡುಗಡ್ಡೆ ಇಲ್ಲ. ರೆಕ್ಕೆ ಸೋತು, ಕೊಕ್ಕು ನೀರು ಮುಟ್ಟುವ ಹೊತ್ತಿಗೆ ಹಂಸ ಕೇಳಿತು, ಇದು ನೂರಾ ಒಂದರಲ್ಲಿ ಯಾವ ಬಗೆಯ ಹಾರಾಟ? ಕೊನೆಗೆ ಹಂಸವೇ ಅದನ್ನು ಬೆನ್ನ ಮೇಲೆ ಹೊತ್ತು ದಂಡೆಗೆ ತಂದು ಬಿಟ್ಟಿತು. ಕಥೆ ಮುಗಿಸಿ ಶಲ್ಯ ಹೇಳಿದ್ದು ಇಷ್ಟೇ: ಆ ಕಾಗೆ ವೈಶ್ಯನ ಮನೆಯ ಎಂಜಲು ಉಂಡ ಹಾಗೆ ನೀನು ಧೃತರಾಷ್ಟ್ರನ ಮಕ್ಕಳ ಎಂಜಲಿನಲ್ಲಿ ಬೆಳೆದವನು.

ಕರ್ಣನ ಪರಾಕ್ರಮವನ್ನು ಹೀಗಳೆದು ಅವನು ಅಷ್ಟಕ್ಕೇ ಬಿಡಲಿಲ್ಲ. ಕರ್ಣನ ಒಳಗೆ ಮೊದಲಿನಿಂದ ಹುಣ್ಣಾಗಿದ್ದ ಒಂದೇ ಜಾಗ, ಹುಟ್ಟು ಮತ್ತು ಅನ್ನದ ಋಣ, ಅಲ್ಲಿಗೇ ಚುಚ್ಚಿದ. ಸಾರಥಿ ಮುಂದೆ ಕೂತಿರುತ್ತಾನೆ, ಹಗ್ಗ ಅವನ ಕೈಯಲ್ಲಿ, ಅವನ ದನಿ ಬಿಲ್ಲು ಹಿಡಿದವನಿಗೆ ಕೈಯಳತೆಯ ದೂರದಲ್ಲಿ. ಎದುರಿನ ಸೇನೆಯ ಕೂಗಿಗೆ ಕಿವಿ ಮುಚ್ಚಬಹುದು, ತನ್ನ ರಥದ ಮೇಲಿನ ಮಾತಿಗೆ ಮುಚ್ಚಲಾಗದು. ಕರ್ಣ ತಿರುಗಿ ಬಿದ್ದು ಮದ್ರ ದೇಶದವರನ್ನೆಲ್ಲ ಹಿಗ್ಗಾಮುಗ್ಗಾ ಬೈದ. ತನ್ನ ಮೇಲಿರುವ ಶಾಪಗಳನ್ನೂ ತಾನಾಗಿಯೇ ಬಿಚ್ಚಿ ಹೇಳಿಕೊಂಡ. ಅದೇ ದಿನ ಅವನು ಬಿದ್ದ.

ನಮ್ಮ ಕಡೆಗೆ ಈ ಶಬ್ದ ಇಷ್ಟು ಬೇರು ಬಿಟ್ಟದ್ದು ಹೇಗೆ?

ಕರ್ಣನ ಮೇಲಿನ ಪ್ರೀತಿಯಿಂದ ಎಂದು ನಮ್ಮ ಅಭಿಪ್ರಾಯ. 941ರಲ್ಲಿ ಭಾರತವನ್ನು ಕನ್ನಡಕ್ಕೆ ತಂದ ಪಂಪನ ತಾಯಿಯ ತವರು ಅಣ್ಣಿಗೇರಿ. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಹೇಳಿದವನು ಅವನು. ಗದುಗಿನ ನಾರಣಪ್ಪ, ನಮ್ಮೆಲ್ಲರ ಕುಮಾರವ್ಯಾಸ, ಹುಬ್ಬಳ್ಳಿ ಹತ್ತಿರದ ಕೋಳಿವಾಡದವನು. ಗದಗಿನ ವೀರನಾರಾಯಣ ಗುಡಿಯ ಒಂದು ಕಂಬವನ್ನು ಇಂದಿಗೂ ಕುಮಾರವ್ಯಾಸನ ಕಂಬವೆಂದು ತೋರಿಸುತ್ತಾರೆ. ಅಣ್ಣಿಗೇರಿ, ಗದಗ ಈ ಎರಡು ಊರುಗಳ ನಡುವಿನ ದೂರ ಬಸ್ಸಿನಲ್ಲಿ ಒಂದು ತಾಸಿನ ಒಳಗಿನದು. ಗಮಕ, ಪುರಾಣ, ದೊಡ್ಡಾಟದ ಮೂಲಕ ಕರ್ಣನ ಸಂಕಟ ಓದು ಬಾರದವರ ಮನೆಗೂ ಹೋಗಿದೆ. ‘ತೇಜೋವಧೆ’ ಎಂದ ಕೂಡಲೇ ಈ ಭಾಗದ ಹಿರಿಯರು ಶಲ್ಯನ ಹೆಸರು ತೆಗೆಯುವುದು ಅದಕ್ಕೇ.

ಬರೇ ಮಾತಿಗೆ ‘ವಧೆ’ ಅನ್ನೂದು ಅತಿ ಆಗೂದಿಲ್ಲೇನು?

ಅದೇ 17ನೆಯ ದಿನ ನಡೆದ ಇನ್ನೊಂದು ಪ್ರಸಂಗ ಇದಕ್ಕೆ ಉತ್ತರ. ಕರ್ಣನ ಬಾಣಕ್ಕೆ ಗಾಯಗೊಂಡು ಬಿಡಾರ ಸೇರಿದ್ದ ಧರ್ಮರಾಯ, ಕರ್ಣ ಇನ್ನೂ ಸತ್ತಿಲ್ಲ ಎಂದು ತಿಳಿದಾಗ ಅರ್ಜುನನ ಮೇಲೆ ಹರಿಹಾಯ್ದು, ಗಾಂಡೀವವನ್ನು ಬೇರೆಯವರಿಗೆ ಕೊಡು ಅಂದುಬಿಟ್ಟ. ಹಾಗೆ ಅಂದವರ ತಲೆ ತೆಗೆಯುತ್ತೇನೆಂದು ಅರ್ಜುನನ ಗುಟ್ಟಿನ ಶಪಥ ಇತ್ತು. ಕತ್ತಿ ಹಿರಿದ. ಕೃಷ್ಣ ತಡೆದು ಒಂದು ದಾರಿ ಹೇಳಿದ: ಮಾನ್ಯನಾದವನು ಅವಮಾನ ಹೊಂದಿದರೆ ಬದುಕಿದ್ದೂ ಸತ್ತಂತೆ. ಅಣ್ಣನನ್ನು ‘ನೀನು’ ಎಂದು ಕರೆ, ಅಷ್ಟಕ್ಕೇ ಅವನನ್ನು ಕೊಂದಂತಾಯಿತು. ಅರ್ಜುನ ಹಾಗೇ ಮಾಡಿದ. ಕರ್ಣನ ತೇಜೋವಧೆಗೆ ಮಾವನನ್ನು ಒಪ್ಪಿಸಿದ್ದ ಧರ್ಮರಾಯನಿಗೇ ಅಂದು ಮಾತಿನ ವಧೆ ತಟ್ಟಿತು.

ಒಂದು ಸರ್ವನಾಮದಿಂದ ಕೊಲ್ಲಬಹುದು ಎಂಬುದು ಕನ್ನಡದವರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ‘ಏಕವಚನದಾಗ ಮಾತಾಡಿದ’ ಎನ್ನುವುದೇ ನಮ್ಮಲ್ಲಿ ಒಂದು ದೂರು. ಧಾರವಾಡದ ಮಾತಿನಲ್ಲಿ ಗೌರವ ಇರುವುದು ಬಾಲದಲ್ಲಿ: ಬರ್ರಿ, ಕೂಡ್ರಿ, ಹೇಳ್ರಿ. ಹತ್ತು ವರ್ಷ ‘ರೀ’ ಹಚ್ಚಿ ಮಾತಾಡಿಸಿದವರು ಒಂದು ದಿನ ಜನರ ನಡುವೆ ‘ಬಾ ಇಲ್ಲೆ’ ಅಂದರೆ ಬೇರೆ ಬೈಗುಳ ಬೇಕಿಲ್ಲ. ಆದರೆ ‘ನೀ’ ತಾನಾಗಿ ಕೀಳಲ್ಲ. ಅವ್ವನಿಗೂ ‘ನೀ’, ದೇವರಿಗೂ ‘ನೀ’, ಕೂಡಿ ಓದಿದ ಗೆಳೆಯನಿಗೂ ‘ನೀ’. ಕೊಲ್ಲುವುದು ಬಹುವಚನದಿಂದ ಏಕವಚನಕ್ಕೆ, ಎಲ್ಲರ ಎದುರು, ಬೇಕೆಂದೇ ಇಳಿಯುವ ಆ ಜಾರು.

ತೇಜಸ್ ಮತ್ತು ವಧೆ ಸೇರಿದರೆ ನಡುವೆ ‘ಓ’ ಎಲ್ಲಿಂದ ಬಂತು?

ವಿಸರ್ಗ ಸಂಧಿಯಿಂದ. ‘ತೇಜಸ್’ ಸಂಧಿಯಲ್ಲಿ ‘ತೇಜಃ’ ಆಗುತ್ತದೆ. ಮುಂದೆ ಗ, ಜ, ದ, ಬ, ಮ, ಯ, ರ, ವ, ಹ ಇಂಥ ಅಕ್ಷರ ಬಂದರೆ ‘ಅಃ’ ಹೋಗಿ ‘ಓ’ ನಿಲ್ಲುತ್ತದೆ: ಮನೋಬಲ, ತಪೋವನ, ವಯೋಮಿತಿ, ಯಶೋಗಾಥೆ, ತೇಜೋಮಯ. ಮುಂದೆ ಪ, ಕ ಇಂಥವು ಬಂದರೆ ‘ಓ’ ಬರುವುದಿಲ್ಲ, ಹಾಗಾಗಿ ‘ತೇಜಃಪುಂಜ’. ಸಮಾಸ ಷಷ್ಠೀ ತತ್ಪುರುಷ: ತೇಜಸ್ಸಿನ ವಧೆ. ಸಂಸ್ಕೃತದಲ್ಲಿ ಅದು ‘ವಧ’. ಕನ್ನಡದಲ್ಲಿ ‘ವಧೆ’ ಎಂದು ಎಕಾರ ಹಿಡಿದಿದೆ. ನಮ್ಮ ಆಡುಮಾತಿನಲ್ಲಿ ಮನೆ ‘ಮನಿ’ ಆದ ಹಾಗೆ ‘ತೇಜೋವಧಿ ಮಾಡ್ಯಾರ’ ಎಂದು ಕೇಳಿಬರುತ್ತದೆ. ಆಡುವಾಗ ಅದು ತಪ್ಪಲ್ಲ.

ಬರೆಯುವಾಗ ಹೆಚ್ಚಾಗಿ ಆಗುವ ತಪ್ಪುಗಳು ಯಾವುವು?

ಮೊದಲನೆಯದು ‘ತೇಜೋವದೆ’. ಆಡುಮಾತಿನಲ್ಲಿ ಮಹಾಪ್ರಾಣ ಸವೆಯುವುದು ಒಂದು ಕಾರಣ, ಕೀಲಿಮಣೆ ಇನ್ನೊಂದು. ನುಡಿ ವಿನ್ಯಾಸದಲ್ಲಿ ದ, ಧ ಎರಡಕ್ಕೂ ಒಂದೇ ಕೀಲಿ. ಶಿಫ್ಟ್ ಒತ್ತಿದರೆ ಮಾತ್ರ ಧ. ‘ತೇಜೊವಧೆ’ ಎಂದು ಒತ್ವ ಗಿಡ್ಡ ಆಗುವುದೂ ಅದೇ ಕಾರಣಕ್ಕೆ, ಅಲ್ಲಿಯೂ ದೀರ್ಘಕ್ಕೆ ಶಿಫ್ಟ್ ಬೇಕು. ಎರಡನೆಯದು ನಡುವೆ ಜಾಗ ಬಿಟ್ಟು ‘ತೇಜೋ ವಧೆ’ ಎಂದು ಒಡೆಯುವುದು. ‘ತೇಜೋ’ ತಾನೊಂದೇ ನಿಲ್ಲುವ ಪದವಲ್ಲ, ಹಾಗಾಗಿ ಕೂಡಿಸಿಯೇ ಬರೆಯಬೇಕು. ಸಾಲಿನ ಕೊನೆಗೆ ಬಂದು ಒಡೆಯಲೇಬೇಕಾದರೆ ‘ತೇಜೋ-’ ಎಂದು ಅಡ್ಡಗೆರೆ ಇಟ್ಟು ಒಡೆಯಿರಿ.

‘ಅವರ ತೇಜೋವಧೆ ಮಾಡಿದರು’ ಸರಿಯೋ, ‘ಅವರನ್ನು ತೇಜೋವಧೆ ಮಾಡಿದರು’ ಸರಿಯೋ?

ನಾವು ‘ಅವರ’ ಎನ್ನುವ ಕಡೆ. ವಧೆ ಆಗುವುದು ತೇಜಸ್ಸಿನದು, ತೇಜಸ್ಸು ಅವರದು. ‘ಅವರನ್ನು’ ಎಂಬುದು ಪತ್ರಿಕೆಗಳಲ್ಲಿ ಬಹಳ ಬಳಕೆಯಾಗಿದೆ, ‘ತೇಜೋವಧೆ ಮಾಡು’ ಎಂಬುದನ್ನು ಒಂದೇ ಕ್ರಿಯಾಪದವಾಗಿ ಹಿಡಿದರೆ ಅದನ್ನೂ ಸಾಧಿಸಬಹುದು. ‘ಅವರಿಗೆ ತೇಜೋವಧೆ ಮಾಡಿದರು’ ಮಾತ್ರ ಒಪ್ಪುವುದಿಲ್ಲ. ಅನುಭವಿಸಿದವರ ಕಡೆಯಿಂದ ಹೇಳಬೇಕಾದರೆ ‘ತೇಜೋವಧೆಗೆ ಒಳಗಾದರು’. ಸಂಸ್ಥೆ, ಪಕ್ಷ, ಊರಿನ ವಿಷಯಕ್ಕೆ ಈ ಶಬ್ದ ಎಳೆಯಬೇಡಿ. ಅಲ್ಲಿಗೆ ‘ಹೆಸರಿಗೆ ಮಸಿ ಬಳಿದರು’ ಎಂಬ ಒಳ್ಳೆಯ ಕನ್ನಡ ಇದೆ.

ಅವಮಾನ, ಅಪಮಾನ, ಮಾನಹಾನಿ, ಮೂದಲಿಕೆ ಎಲ್ಲಾ ಒಂದ ಅಲ್ಲೇನ್ರಿ?

ಒಂದೇ ಓಣಿಯವು, ಮನೆ ಬೇರೆ ಬೇರೆ. ಅವಮಾನ, ಅಪಮಾನ ಎರಡೂ ‘ಮನ್’, ಅಂದರೆ ಎಣಿಸು, ಬಗೆ ಎಂಬ ಧಾತುವಿನಿಂದ ಬಂದವು. ‘ಅವ’ ಕೆಳಕ್ಕೆ, ‘ಅಪ’ ಆಚೆಗೆ. ಇಂದಿನ ಬಳಕೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವ ಅಂತರ ಉಳಿದಿಲ್ಲ. ಮಾನ ಎಂದರೆ ಜನ ನಿಮ್ಮನ್ನು ಎಣಿಸುವ ಎಣಿಕೆ, ಅದು ಇರುವುದು ನೋಡುವವರ ಕಣ್ಣಲ್ಲಿ. ತೇಜಸ್ಸು ಇರುವುದು ನಿಮ್ಮೊಳಗೆ. ಒಬ್ಬರ ಬೆನ್ನ ಹಿಂದೆ ಸುಳ್ಳು ಹಬ್ಬಿಸಿದರೆ ಅವರಿಗೆ ಗೊತ್ತೇ ಆಗದೆ ಮಾನಹಾನಿ ಆಗಬಹುದು. ಕೇಳಿಸಿಕೊಳ್ಳದವರ ತೇಜೋವಧೆ ಆಗುವುದು ಕಷ್ಟ. ಇಬ್ಬರೇ ಇರುವ ಅಡುಗೆಮನೆಯಲ್ಲಿ, ನೋಡುವವರು ಯಾರೂ ಇಲ್ಲದಾಗಲೂ ತೇಜೋವಧೆ ನಡೆಯುತ್ತದೆ; ಅಲ್ಲಿ ಮಾನಹಾನಿ ಎನ್ನಲು ಬರುವುದಿಲ್ಲ. ಈ ಒಂದು ಅಂತರ ತಿಳಿದರೆ ಅರ್ಧ ಗೊಂದಲ ಹೋಯಿತು.

ಮೂದಲಿಕೆ ಹಳೆಯ ತಪ್ಪನ್ನೋ ಕೊರತೆಯನ್ನೋ ಎತ್ತಿ ಮುಖಕ್ಕೆ ಹೇಳುವುದು. ಹಂಗಿಸುವುದು ಎಂದರೆ ಮಾಡಿದ ಉಪಕಾರ ಎತ್ತಿ ಆಡುವುದು, ‘ಹಂಗು’ ಎಂಬುದರಿಂದಲೇ ಆ ಶಬ್ದ. ಶಲ್ಯನ ಎಂಜಲಿನ ಮಾತು ಶುದ್ಧ ಹಂಗಿಸುವಿಕೆ. ಛೀಮಾರಿ ಅಧಿಕಾರ ಇದ್ದವರು ತಪ್ಪು ಮಾಡಿದವರಿಗೆ ಹಾಕುವುದು. ಕೋರ್ಟು ಅಧಿಕಾರಿಗೆ ಛೀಮಾರಿ ಹಾಕಿತು ಅಂದರೆ ಅದು ತೇಜೋವಧೆ ಅಲ್ಲ. ಮುಖಭಂಗ ಬರೀ ಫಲ, ಚುನಾವಣೆ ಸೋತರೂ ಆಗುತ್ತದೆ. ಚಾರಿತ್ರ್ಯವಧೆ ನಡತೆಯ ಮೇಲಿನ ಆರೋಪಕ್ಕೆ ಮೀಸಲು. ‘ಮರ್ಯಾದಿ ತಗದ’ ಎಂಬಲ್ಲಿಯ ಮರ್ಯಾದೆಗೆ ಸಂಸ್ಕೃತದಲ್ಲಿ ಮೂಲಾರ್ಥ ಗಡಿ, ಎಲ್ಲೆ. ಹೊಲದ ಬದುವಿನ ಹಾಗೆ ಇಬ್ಬರ ನಡುವೆ ಇರಬೇಕಾದ ಗೆರೆ ದಾಟಿದ ಎಂದು ತಿಳಿದುಕೊಂಡರೆ ಅರ್ಥ ಗಟ್ಟಿಯಾಗುತ್ತದೆ.

ಹಂಗಾರ ‘ಫಜೀತಿ’?

ಇದರ ಊರು ಅರಬ್ಬೀ. ಅಲ್ಲಿ ‘ಫ-ದ-ಹ’ ಬೇರಿನ ಶಬ್ದಕ್ಕೆ ಗುಟ್ಟು ಬಯಲಾಗಿ ಜನರೆದುರು ಮಾನ ಹೋಗುವುದು ಎಂದರ್ಥ. ಪಾರಸಿ, ಉರ್ದುವಿನಲ್ಲಿ ‘ಫಜೀಹತ್’, ಮರಾಠಿಯಲ್ಲಿ ‘ಫಜಿತಿ’, ಹುಬ್ಬಳ್ಳಿಗೆ ಬರುವ ಹೊತ್ತಿಗೆ ‘ಫಜೀತಿ’. ಮರಾಠಿಯಲ್ಲಿ ಅವಮಾನದ ಅರ್ಥ ಇನ್ನೂ ಹಸಿಯಾಗಿದೆ. ನಮ್ಮಲ್ಲಿ ಅದು ಮೆತ್ತಗಾಗಿ ಪೇಚಾಟ, ತೊಂದರೆ ಎಂಬಲ್ಲಿಗೆ ಬಂದಿದೆ: ಬಸ್ ತಪ್ಪಿದರೂ ಫಜೀತಿ, ಲಗ್ನದ ಊಟದಲ್ಲಿ ಅನ್ನ ಕಡಿಮೆ ಬಿದ್ದರೂ ಫಜೀತಿ. ಎರಡನೆಯ ಬಳಕೆಯಲ್ಲಿ ಹಳೆಯ ಅರ್ಥದ ನೆರಳು ಇನ್ನೂ ಇದೆ ನೋಡಿ, ಅನ್ನ ಸಾಲದೆ ಹೋದದ್ದಕ್ಕಿಂತ ಬೀಗರು ಕಂಡದ್ದು ಹೆಚ್ಚು ಸುಡುತ್ತದೆ.

ತೇಜಿ-ಮಂದಿ, ತೇಜಿ ಕುದುರೆ ಇವೂ ಇದೇ ಮನೆತನವೇ?

ಎಪಿಎಂಸಿಯಲ್ಲಿ ಹೇಳುವ ‘ಹತ್ತಿ ತೇಜಿ ಐತಿ’, ಅಂದರೆ ದರ ಏರಿದೆ, ಎಂಬಲ್ಲಿಯ ತೇಜಿ ಪಾರಸಿಯ ‘ತೇಜ್’ನಿಂದ ಬಂದದ್ದು. ಪಾರಸಿಯ ತೇಜ್ ಮತ್ತು ಸಂಸ್ಕೃತದ ತೇಜಸ್ ಒಂದೇ ಪುರಾತನ ಬೇರಿನ ದಾಯಾದಿಗಳು, ಎರಡಕ್ಕೂ ಮೂಲ ಹರಿತವೇ. ಹಳೆಯ ಪದ್ಯಗಳ ‘ತೇಜಿ’, ಅಂದರೆ ಕುದುರೆ, ಬೇರೆ. ಅದು ಅರಬ್ಬೀ ಕುದುರೆಗೆ ಪಾರಸಿಯವರು ಹೇಳುವ ‘ತಾಜೀ’.

ಮನೆ, ಶಾಲೆ, ಕೆಲಸದ ಜಾಗದಲ್ಲಿ ನಡೆಯುವುದರಲ್ಲಿ ಯಾವುದನ್ನು ತೇಜೋವಧೆ ಎನ್ನಬಹುದು?

ಉದ್ಯೋಗಪರ್ವದ ಆ ಸಾಲುಗಳನ್ನೇ ಅಳತೆಗೋಲು ಮಾಡಿಕೊಳ್ಳಿ. ಆಡಿದವರು ಹತ್ತಿರದವರೇ, ನಿಮ್ಮ ಹಗ್ಗ ಅವರ ಕೈಯಲ್ಲಿದೆಯೇ? ಮಾತು ಮಾಡಿದ ಕೆಲಸದ ಮೇಲಿತ್ತೋ, ಮಾಡುವ ಮನುಷ್ಯನ ಮೇಲಿತ್ತೋ? ಒಮ್ಮೆ ಬಾಯಿ ಜಾರಿದ್ದೋ, ಸಮಯ ನೋಡಿ ಮತ್ತೆ ಮತ್ತೆ ಆಡಿದ್ದೋ?

ಹತ್ತನೆಯ ಇಯತ್ತೆಯ ಹುಡುಗಿ ಬೋರ್ಡಿನ ಮುಂದೆ ನಿಂತು ಲೆಕ್ಕ ತಪ್ಪುತ್ತಾಳೆ. ‘ಮೂರನೇ ಸಾಲಿನಾಗ ಚಿಹ್ನೆ ತಪ್ಪೇತಿ, ಮತ್ತೊಮ್ಮೆ ನೋಡು’ ಎಂದರೆ ತಿದ್ದುವಿಕೆ. ‘ಎಷ್ಟು ಸಲ ಹೇಳಬೇಕು ನಿನಗ!’ ಎಂದರೆ ಬೈಗುಳ. ‘ನಿಮ್ಮ ಮನಿತನಕ್ಕ ಲೆಕ್ಕ ಎಲ್ಲಿ ಹತ್ತಬೇಕು, ಅಡಗಿ ಕಲಿ ಹೋಗು’ ಎಂದು ಇಡೀ ವರ್ಗವನ್ನು ನಗಿಸಿ, ನಾಳೆಯೂ ಅವಳನ್ನೇ ಎಬ್ಬಿಸಿ ನಿಲ್ಲಿಸಿದರೆ ಅದು ತೇಜೋವಧೆ. ಮೂರನೆಯದರಲ್ಲಿ ಲೆಕ್ಕದ ಸುದ್ದಿಯೇ ಇಲ್ಲ. ಆ ಹುಡುಗಿ ಆಮೇಲೆ ಸರಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಕೈ ಎತ್ತದ ಮಗುವನ್ನು ದಡ್ಡಿ ಎಂದು ಬರೆಯುವ ಮೊದಲು ಯಾರಾದರೂ ಅವಳ ರಥದ ಮೇಲೆ ಕೂತಿದ್ದಾರೆಯೇ ಎಂದು ವಿಚಾರಿಸಬೇಕು.

ಟೀಕೆ ಮಾಡಿದ ಕೂಡ್ಲೇ ‘ನನ್ನ ತೇಜೋವಧೆ’ ಅಂತಾರಲ್ಲ, ಅದು?

ಶಬ್ದಕ್ಕೆ ಆಗುತ್ತಿರುವ ದೊಡ್ಡ ಅನ್ಯಾಯ ಅದೇ. ‘ನಿಮ್ಮ ವಾರ್ಡಿನ ನಳಕ್ಕ ಎಂಟು ದಿನದಿಂದ ನೀರು ಬಂದಿಲ್ಲ, ಕಾಮಗಾರಿ ಬಿಲ್ ಮಾತ್ರ ಆಗೇತಿ’ ಎಂದು ದಿನಾಂಕ ಹಿಡಿದು ಕೇಳಿದರೆ ಅದು ಪ್ರಶ್ನೆ. ಎಷ್ಟೇ ಖಾರವಾಗಿದ್ದರೂ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಟ್ಟು ಮುಗಿಸಬಹುದು. ಎಂಜಲಿನ ಮಾತಿಗೆ ಉತ್ತರ ಎಂಬುದಿರುವುದಿಲ್ಲ. ಉತ್ತರ ಕೊಡಲು ಹೊರಟವರು ಇನ್ನೂ ಕೆಳಗೆ ಇಳಿಯುತ್ತಾರೆ, ಕರ್ಣ ಮದ್ರದವರನ್ನು ಬೈದ ಹಾಗೆ. ವರದಿಗಾರರು ನಾಯಕರೊಬ್ಬರ ‘ತೇಜೋವಧೆ’ ಎಂಬ ಮಾತನ್ನು ಉಲ್ಲೇಖ ಚಿಹ್ನೆಯ ಒಳಗೇ ಇಡಬೇಕು, ತಮ್ಮ ಮಾತಾಗಿ ತಲೆಬರಹಕ್ಕೆ ಏರಿಸಬಾರದು.

ತೇಜೋವಧೆಗೆ ಕಾನೂನಿನಲ್ಲಿ ಶಿಕ್ಷೆ ಇದೆಯೇ?

ಆ ಹೆಸರಿನ ಅಪರಾಧ ಇಲ್ಲ. ನಡೆದದ್ದು ಯಾವ ರೂಪದ್ದು ಎಂಬುದರ ಮೇಲೆ ಕಲಂ ಬೀಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 356 ಮಾನಹಾನಿಯದು (ಹಿಂದಿನ ದಂಡಸಂಹಿತೆಯ 499, 500). 2 ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಮಾತು ಮೂರನೆಯವರಿಗೆ ಮುಟ್ಟಿರಬೇಕು. ಸತ್ಯವಾಗಿದ್ದು ಸಾರ್ವಜನಿಕ ಹಿತಕ್ಕೆ ಆಡಿದ್ದಾದರೆ ವಿನಾಯಿತಿ ಉಂಟು. ಇದಕ್ಕೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವುದಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು, ಅದಕ್ಕೆ 3 ವರ್ಷದ ಅವಧಿ. ಪರಿಹಾರ ಕೇಳಿ ಸಿವಿಲ್ ದಾವೆ ಹಾಕುವುದಾದರೆ 1 ವರ್ಷದ ಒಳಗೆ ಹಾಕಬೇಕು. ಬಹಳ ಜನ ಈ ಎರಡು ಅವಧಿಗಳನ್ನು ಕಲಸಿಕೊಂಡು ದಾವೆ ಕಳೆದುಕೊಳ್ಳುತ್ತಾರೆ.

ಜಗಳಕ್ಕೆ ಎಳೆಯಲೆಂದೇ ಅವಮಾನಿಸಿದರೆ ಕಲಂ 352. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು, ಆ ಸಮುದಾಯಕ್ಕೆ ಸೇರದವರು, ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಅವಮಾನಿಸುವ ಉದ್ದೇಶದಿಂದ ನಿಂದಿಸಿದರೆ, ಜಾತಿ ಹೆಸರು ಹಿಡಿದು ಬೈದರೆ, 1989ರ ದೌರ್ಜನ್ಯ ತಡೆ ಕಾಯ್ದೆ ಹತ್ತುತ್ತದೆ. ಅಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಸಜೆ ಮತ್ತು ದಂಡ, ಮತ್ತು ಪೊಲೀಸರು ಪ್ರಕರಣ ದಾಖಲಿಸಲೇಬೇಕು. ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರು ಆದಾಯದ ಲೆಕ್ಕವಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ 15100.

ಅರ್ಜಿಯೊಳಗ ಹೆಂಗ ಬರೀಬೇಕು?

‘ನನ್ನ ತೇಜೋವಧೆ ಮಾಡಿದ್ದಾರೆ’, ‘ಅವಾಚ್ಯ ಶಬ್ದಗಳಿಂದ ನಿಂದಿಸಿದ್ದಾರೆ’ ಎಂಬ ಎರಡು ಸಾಲು ಬರೆದು ಬಿಡುವುದೇ ದೊಡ್ಡ ತಪ್ಪು. ಅವು ನಿಮ್ಮ ತೀರ್ಮಾನ. ಓದುವವರಿಗೆ ಬೇಕಾದದ್ದು ಆಡಿದ ಮಾತು. ಎಷ್ಟೇ ಹೊಲಸಾಗಿದ್ದರೂ, ಯಾವ ಭಾಷೆಯಲ್ಲಿ ಆಡಿದರೋ ಅದೇ ಭಾಷೆಯಲ್ಲಿ, ಅಕ್ಷರಕ್ಕೆ ಅಕ್ಷರ ಬರೆಯಿರಿ. ಬರೆಯಲು ಕೈ ನಡುಗುತ್ತದೆ, ನಾಚಿಕೆ ಆಗುತ್ತದೆ. ಆ ನಾಚಿಕೆ ನಿಮ್ಮದಲ್ಲ, ಆಡಿದವರದು. ದಿನ, ಹೊತ್ತು, ಜಾಗ, ಆಡಿದವರು ಎಲ್ಲಿ ನಿಂತಿದ್ದರು, ನೀವೆಲ್ಲಿ, ಕೇಳಿಸಿಕೊಂಡವರು ಯಾರು, ಮುಂದೆ ಏನಾಯಿತು ಎಂಬುದನ್ನು ನಡೆದ ಕ್ರಮದಲ್ಲೇ ಇಡಿ. ಅದೇ ದಿನ ರಾತ್ರಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮಾತು ಮಾಸುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಅಥವಾ ವಾಟ್ಸಾಪ್ ಸಂದೇಶ ಇದ್ದರೆ ಮೂಲ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಪ್ರತಿ ಸಲ್ಲಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಆ ಸಂದೇಶವನ್ನು ‘ನೋಡ್ರಿ ಏನ್ ಅಂದಾನ’ ಎಂದು ಹತ್ತು ಗುಂಪಿಗೆ ನೀವೇ ಕಳಿಸಬೇಡಿ, ಆಡಿದವನ ಕೆಲಸವನ್ನು ನೀವು ಮುಂದುವರಿಸಿದಂತೆ ಆಗುತ್ತದೆ.

ತೇಜೋವಧೆಗೆ ವಿರುದ್ಧ ಪದ ಯಾವುದು?

ಪರೀಕ್ಷೆಗೆಂದು ‘ತೇಜೋವರ್ಧನೆ’ ಕಟ್ಟಬಹುದು, ಯಾರೂ ಆಡುವುದಿಲ್ಲ. ಆಡುವ ಕನ್ನಡದಲ್ಲಿ ‘ಹುರಿದುಂಬಿಸು’ ಇದೆ. ಹುರಿಯನ್ನು ತುಂಬಿಸುವುದು, ಸಡಿಲವಾದ ನೂಲಿಗೆ ಮತ್ತೆ ಬಿಗಿ ಕೊಟ್ಟ ಹಾಗೆ. ನಮ್ಮ ಕಡೆ ಬೆನ್ನು ಚಪ್ಪರಿಸಿ ‘ಶಾಬಾಸ್’ ಅನ್ನುತ್ತೇವೆ. ಪಾರಸಿಯಲ್ಲಿ ಅದು ‘ಶಾದ್ ಬಾಶ್’, ಸಂತೋಷವಾಗಿರು ಎಂದರ್ಥ.